ಅಜ್ಜಿಯ ಪಿಂಗಾಣಿ ಯಾವೂರಿನದು?

ಮೂಡಿಗೆರೆ, ಸಕಲೇಶಪುರ ಕಡೆಯ ಹಳೇ ಮನೆಗಳ ಗಾಜಿನ ಬೀರು ನೋಡಿದ್ದೀರಲ್ವಾ? ಚಿನ್ನದ ಅಂಚಿನ ಎರಡು ತಟ್ಟೆ, ಕುರಿ ಹಿಡಿದ ಹುಡುಗಿಯ ಗೊಂಬೆ, ಹಿಡಿ ಮುರಿದ ಒಂದು ಕಪ್ ಇದ್ದೇ ಇರುತ್ತವೆ. "ದೊರೆ ಬಂಗ್ಲೆಯಿಂದ ಬಂದಿದ್ದು", ಅಂದರೆ ಕಾಫಿ ತೋಟದ ಬ್ರಿಟಿಷ್ ಸಾಹೇಬರ ಮನೆಯದು, ಅನ್ನುವ ಕಥೆಯೂ ಜೊತೆಗಿರುತ್ತದೆ. ತಿರುಗಿಸಿದರೆ ತಳದಲ್ಲಿ ಒಂದಕ್ಷರವೂ ಇರುವುದಿಲ್ಲ. ಅಜ್ಜಿಯಿಂದ ನನಗೆ ಬಂದ ಆರು ಕಪ್‌ಗಳೂ ಹಾಗೇ ಇದ್ದವು. ಹೆಸರಿಲ್ಲದಿದ್ದರೂ ಅವು ತಮ್ಮ ಬಗ್ಗೆ ಸುಮಾರು ಹೇಳುತ್ತವೆ. ಕೇಳುವ ಕ್ರಮ ಹೀಗಿದೆ.

ಮೊದಲು, ಉಜ್ಜಬೇಡಿ. ನಾನು ಉತ್ಸಾಹದಲ್ಲಿ ಒಂದು ಸಾಸರನ್ನು ಹುಣಸೆಹಣ್ಣು ಹಾಕಿ ನಾರಿನಲ್ಲಿ ತಿಕ್ಕಿದೆ. ಕೊಳೆಯ ಜೊತೆ ಅರ್ಧ ಚಿನ್ನವೂ ಹೋಯಿತು. ಆ ಚಿನ್ನ ಗ್ಲೇಜಿನ, ಅಂದರೆ ಗಾಜಿನಂಥ ಹೊಳಪು ಲೇಪದ ಮೇಲೆ, ಕಡಿಮೆ ಶಾಖದಲ್ಲಿ ಸುಟ್ಟು ಕೂರಿಸಿದ್ದು, ಅಷ್ಟೇ. ಉಗುರುಬೆಚ್ಚನೆ ನೀರು, ಮೆತ್ತನೆ ಬಟ್ಟೆ ಸಾಕು.

ಈಗ ಚಿತ್ರ ಮರೆತು ಮೈ ನೋಡಿ. ಕತ್ತಲೆ ಕೋಣೆಯಲ್ಲಿ ಕಪ್ಪಿನೊಳಗೆ ಮೊಬೈಲ್ ಟಾರ್ಚ್ ಬಿಟ್ಟು, ಹೊರಗಡೆಯಿಂದ ನೋಡಿ. ಬೆಳಕು ಹಾದು ಬಂದರೆ, ನಡುವೆ ಹಿಡಿದ ಬೆರಳಿನ ನೆರಳು ಕಂಡರೆ, ಅದು ಪಿಂಗಾಣಿ. ಬೆಳಕು ಬಾರದಿದ್ದರೆ ಹೆಚ್ಚಾಗಿ ಮಣ್ಣಿನ ಸಾಮಾನಿಗೆ ಬಿಳಿ ಗ್ಲೇಜ್ ಹಾಕಿದ್ದು. ದಪ್ಪ ತಳದಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ, ತೆಳ್ಳಗಿರುವ ಅಂಚಿನಲ್ಲೇ ನೋಡಬೇಕು. ನಾವು ಪಿಂಗಾಣಿ ಜಾಡಿ ಅಂತ ಕರೆಯುವ ಉಪ್ಪಿನಕಾಯಿ ಜಾಡಿ ಇದರಲ್ಲಿ ಫೇಲಾಗುತ್ತದೆ. ಅದು ಗಟ್ಟಿಯಾಗಿ ಸುಟ್ಟ ಕಲ್ಲುಮಣ್ಣಿನದು.

ತಳದ ಬಳೆಯಂಥ ಅಂಚಿಗೆ ಸಾಮಾನ್ಯವಾಗಿ ಗ್ಲೇಜ್ ಇರುವುದಿಲ್ಲ. ಅಲ್ಲಿ ಒಂದು ಹನಿ ನೀರಿಡಿ. ಹೀರಿಕೊಂಡರೆ ಮಣ್ಣು, ಹಾಗೇ ನಿಂತರೆ ಪಿಂಗಾಣಿ ಇರಬಹುದು. ಎಲ್ಲಾದರೂ ಚಕ್ಕೆ ಎದ್ದಿದ್ದರೆ ಇನ್ನೂ ಒಳ್ಳೆಯದು. ಪಿಂಗಾಣಿ ಗಾಜಿನಂತೆ ನುಣ್ಣಗೆ ಒಡೆಯುತ್ತದೆ. ಮಣ್ಣಿನದು ಇಟ್ಟಿಗೆ ಮುರಿದ ಹಾಗೆ ತರಿತರಿ.

ಬಿಳುಪಿನಲ್ಲೂ ಭೇದವಿದೆ. ಚೀನಾ, ಜರ್ಮನಿಯ ಗಟ್ಟಿ ಪಿಂಗಾಣಿಯದು ಸ್ವಲ್ಪ ತಣ್ಣನೆಯ, ನೀಲಿ ಬೂದು ಛಾಯೆಯ ಬಿಳುಪು. ಇಂಗ್ಲೆಂಡಿನ ಬೋನ್ ಚೈನಾದ್ದು ಕೆನೆ ಬಣ್ಣ. ಇದರ ಮಣ್ಣಿನಲ್ಲಿ ಸುಮಾರು ಅರ್ಧದಷ್ಟು ದನದ ಮೂಳೆಯ ಬೂದಿ ಇರುತ್ತದೆ. ನಮ್ಮ ಮಡಿ ಅಜ್ಜಿಗೆ ಇದು ಗೊತ್ತಿದ್ದರೆ ಬೀರು ಇರಲಿ, ಹೊಸಿಲೊಳಗೂ ಬಿಡುತ್ತಿರಲಿಲ್ಲ!

ಆಮೇಲೆ ಚಿತ್ರ. ಅಕ್ಕಸಾಲಿಗರು ಬಳಸುವ ಹತ್ತು ಪಟ್ಟಿನ ಮಸೂರ ಇದ್ದರೆ ಸಾಕು. ಸಣ್ಣ ಸಣ್ಣ ಚುಕ್ಕೆ ಕಂಡರೆ ಅಚ್ಚು. ಕುಂಚದ ಎಳೆ, ಎಲ್ಲೋ ದಪ್ಪ ಎಲ್ಲೋ ತೆಳು ಬಣ್ಣ ಕಂಡರೆ ಕೈಕೆಲಸ. ಗೆರೆ ಅಚ್ಚಿನದು, ಬಣ್ಣ ಮಾತ್ರ ಕೈಯಲ್ಲಿ ತುಂಬಿದ್ದೂ ಜಾಸ್ತಿ ಸಿಗುತ್ತದೆ. ಗೊಂಬೆಯ ಅಡಿಯಲ್ಲಿ ತೂತು ಕಂಡು ಯಾರೋ ಒಡೆದರು ಅಂದುಕೊಳ್ಳಬೇಡಿ. ಒಳಗೆ ಟೊಳ್ಳಿರುವ ಗೊಂಬೆ ಭಟ್ಟಿಯಲ್ಲಿ ಸಿಡಿಯದಿರಲಿ ಎಂದು ಗಾಳಿಗೆ ಬಿಟ್ಟ ದಾರಿ ಅದು.

ನನ್ನ ಕಪ್‌ಗಳ ಗುಟ್ಟು ರಟ್ಟಾಗಿದ್ದು ಟಾರ್ಚಿನಿಂದಲೇ. ಹೊರಗೆ ಬೂದು ಬಣ್ಣದ ಡ್ರ್ಯಾಗನ್, ಬೆರಳಾಡಿಸಿದರೆ ಉಬ್ಬುಬ್ಬು. ಕಪ್ ಎತ್ತಿ ತಳದ ಕೆಳಗೆ ಬೆಳಕು ಹಿಡಿದರೆ, ಒಳಗಡೆ ತುರುಬು ಕಟ್ಟಿದ ಹೆಂಗಸಿನ ಮುಖ! ಬಣ್ಣ ಒಂದಿಷ್ಟೂ ಇಲ್ಲ. ಪಿಂಗಾಣಿಯನ್ನೇ ಅಲ್ಲಲ್ಲಿ ತೆಳುವಾಗಿ, ಅಲ್ಲಲ್ಲಿ ದಪ್ಪವಾಗಿ ಅಚ್ಚು ಹಾಕಿದ್ದಾರೆ. ತೆಳುವಾದ ಕಡೆ ಬೆಳಕು, ದಪ್ಪದ ಕಡೆ ನೆರಳು. ಇದಕ್ಕೆ ಲಿಥೋಫೇನ್ ಅನ್ನುತ್ತಾರೆ. ಉಬ್ಬು ಡ್ರ್ಯಾಗನ್ನೂ ತಳದ ಗೀಶಾ (ಜಪಾನಿನ ನರ್ತಕಿ) ಮುಖವೂ ಒಟ್ಟಿಗೆ ಸಿಕ್ಕರೆ, ಅದು ಕಳೆದ ಶತಮಾನದಲ್ಲಿ ಜಪಾನಿನವರು ಹೊರದೇಶಕ್ಕೆಂದೇ ಮಾಡಿದ ಮಾಲು. ದೊರೆ ಬಂಗ್ಲೆ ಕಥೆ ಅಲ್ಲಿಗೆ ಅಲುಗಾಡಿತು.

ಕಾಲ ಹೇಳುವಾಗ ಹುಷಾರು. 1891ರಿಂದ ಅಮೆರಿಕಕ್ಕೆ ಹೋಗುವ ಸಾಮಾನಿನ ಮೇಲೆ ತಯಾರಾದ ದೇಶದ ಹೆಸರು ಇರಬೇಕು ಎಂಬ ಕಾನೂನು ಬಂತು. ಅದನ್ನೇ ಹಿಡಿದು, ಹೆಸರಿಲ್ಲದ್ದೆಲ್ಲ ಅದಕ್ಕಿಂತ ಹಳೆಯದು ಎಂದು ಮಾರುವವರು ಉಂಟು. ನಮ್ಮ ಬೀರುವಿನ ಕಪ್ ಅಮೆರಿಕಕ್ಕೆ ಹೊರಟಿದ್ದಲ್ಲವಲ್ಲ! ಹೆಸರಿದ್ದ ಕಾಗದದ ಚೀಟಿ ಮೊದಲ ತೊಳೆತದಲ್ಲೇ ಹೋಗಿರಬಹುದು. ಸೆಟ್ಟಿನ ಟೀ ಪಾಟ್ ಮೇಲೆ ಮಾತ್ರ ಮುದ್ರೆ ಇದ್ದು, ಅದು ಚಿಕ್ಕಪ್ಪನ ಮನೆ ಸೇರಿರಬಹುದು. ಪಾಲಾದ ಮನೆಗಳಿಗೆಲ್ಲ ಒಂದು ಫೋನ್ ಮಾಡಿ.

ನೋಟು ಪರೀಕ್ಷಿಸುವ ನೇರಳೆ ಟಾರ್ಚನ್ನೂ ಕತ್ತಲಲ್ಲಿ ಒಮ್ಮೆ ಹಾಯಿಸಿ. ಅಂಟು ಹಾಕಿ ರಿಪೇರಿ ಮಾಡಿದ ಜಾಗ ಎಷ್ಟೋ ಸಲ ಬೇರೆ ಬಣ್ಣದಲ್ಲಿ ಮಿನುಗುತ್ತದೆ. ಹೋಲಿಸಿ ನೋಡಬೇಕೆಂದರೆ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂಗೆ ಹೋಗಿ. ಯುರೋಪಿನದು, ಚೀನಾದ್ದು, ಜಪಾನಿನದು ಎಲ್ಲ ಒಂದೇ ಸೂರಿನಡಿ ಇವೆ. ಮತ್ತೆ, ಹಳೇ ಬಣ್ಣಗಳಲ್ಲಿ ಸೀಸ ಇರಬಹುದು. ಅವುಗಳಲ್ಲಿ ನಿಂಬೆ ಪಾನಕ ಕುಡಿಯುವ ಆಸೆ ಬೇಡ.

ಕೊನೆಗೆ, ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ. ಆದರೆ "ಎಷ್ಟು ಹಳೆಯದು?" ಎಂದು ಕೇಳಿದರೆ "ಭಾಳ ಹಳೇದು" ಅಂತಾರೆ, ಅಷ್ಟೇ. "ಯಾರ ಮದುವೆಗೆ ಬಂತು, ಮೊದಲು ಯಾವ ಮನೆಯಲ್ಲಿತ್ತು?" ಎಂದು ಕೇಳಿ. ನಮ್ಮ ದೊಡ್ಡಮ್ಮ ತಡಮಾಡದೆ ಹೇಳಿದರು: "ದೊರೆಯೂ ಇಲ್ಲ, ಗಿರೆಯೂ ಇಲ್ಲ ಕಣೋ. ನನ್ನ ಮದುವೆಗೆ ಹಾಸನದ ಪೇಟೆಯಲ್ಲಿ ತಂದಿದ್ದು." ಅವರ ಮದುವೆ ಆಗಿದ್ದು 1956ರಲ್ಲಿ. ಒಂದು ಚೀಟಿಯಲ್ಲಿ ಅಷ್ಟನ್ನೂ ಬರೆದು, ಚಿನ್ನ ಹೋದ ಆ ಸಾಸರಿನ ಕೆಳಗೇ ಇಟ್ಟಿದ್ದೇನೆ.