ಕೋಚಿಂಗ್ ಇಲ್ಲದೆ ದುಬೈ ಡೆಂಟಲ್ ಅಸಿಸ್ಟೆಂಟ್ ಲೈಸೆನ್ಸ್: ನನ್ನ ಟ್ರೇ ಪದ್ಧತಿ

ನಮ್ಮಲ್ಲಿ 1948ರ ದಂತವೈದ್ಯರ ಕಾಯ್ದೆ ಹಲ್ಲು ಶುಚಿ ಮಾಡುವ ಹೈಜಿನಿಸ್ಟ್‌ಗೆ, ಹಲ್ಲುಸೆಟ್ ಮಾಡುವ ಮೆಕ್ಯಾನಿಕ್‌ಗೆ ನೋಂದಣಿ ತಂದಿತು. ಚೇರ್ ಪಕ್ಕ ನಿಲ್ಲುವ ಅಸಿಸ್ಟೆಂಟ್‌ಗೆ ಲೈಸೆನ್ಸ್ ಅನ್ನುವ ಮಾತು ನನಗೆ ಬಂದದ್ದು ಕೊಲ್ಲಿ ದೇಶಕ್ಕೆ ಹೊರಟಾಗಲೇ. ದುಬೈ ಹೆಲ್ತ್ ಅಥಾರಿಟಿಯ ಪರೀಕ್ಷೆಯನ್ನು ಬೆಂಗಳೂರಿನ ಕೋಚಿಂಗ್ ಇಲ್ಲದೆ ದಾಟೋಕಾಗಲ್ಲ ಅಂತ ಹುಬ್ಬಳ್ಳಿ-ಧಾರವಾಡದ ಕ್ಲಿನಿಕ್‌ಗಳಲ್ಲಿ ಕಂಡವರೆಲ್ಲ ಹೇಳಿದರು. ದಾಟಿದ್ದಾಯಿತು, ಅದೂ ಮೊದಲ ಸಲಕ್ಕೇ. ಕೋಚಿಂಗ್ ಫೀಸು 25,000ದ ಆಸುಪಾಸು ಇತ್ತು, ಪಿಜಿ ಖರ್ಚು ಬೇರೆ. ನನಗೆ ಹಳೆಯ ಪುಸ್ತಕ, ಹಲ್ಲಿನ ಅಚ್ಚು ತೆಗೆಯುವ ಆಲ್ಜಿನೇಟ್ ಪುಡಿ, ಅಚ್ಚಿಗೆ ಹುಯ್ದು ಮಾದರಿ ಮಾಡುವ ಸ್ಟೋನ್ ಪುಡಿ ಎಲ್ಲ ಸೇರಿ ಮೂರು ಸಾವಿರದೊಳಗೆ ಮುಗಿಯಿತು.

ಪಾಠದ ಲೆಕ್ಕದಲ್ಲಿ ಓದಿದರೆ ತಲೆಯಲ್ಲಿ ನಿಲ್ಲಲ್ಲ. ಟ್ರೇ ಲೆಕ್ಕದಲ್ಲಿ ಓದಬೇಕು. ಸಂಜೆ ಪೇಷಂಟ್ ಮುಗಿದ ಮೇಲೆ ಒಂದು ಕೆಲಸದ ಟ್ರೇ ಹೊಂದಿಸಿ, ಎಡದಿಂದ ಬಲಕ್ಕೆ ಒಂದೊಂದನ್ನೇ ಎತ್ತಿ ಮೂರು ಪ್ರಶ್ನೆ: ಹೆಸರೇನು, ಯಾವ ಹೊತ್ತಿಗೆ ಕೈಗೆ ಕೊಡಬೇಕು, ಬಳಸಿದ ಮೇಲೆ ಎಲ್ಲಿಗೆ ಹೋಗಬೇಕು. 36ನೇ ಹಲ್ಲು, ಅಂದರೆ ಕೆಳಗಿನ ಎಡಗಡೆಯ ಮೊದಲ ದವಡೆಹಲ್ಲು (ಮೋಲಾರ್) ಕೀಳುವ ಟ್ರೇ ತಗೊಳ್ಳಿ. ಮಿರರ್, ಪ್ರೋಬ್, ಟ್ವೀಜರ್ ಆದ ಮೇಲೆ ಬ್ಲಾಕ್ (ಮರಗಟ್ಟಿಸುವ ಇಂಜೆಕ್ಷನ್) ಕೊಡಲು ಉದ್ದ ಸೂಜಿ, ನಂತರ ಒಸಡು ಬಿಡಿಸುವ ಪೆರಿಯಾಸ್ಟಿಯಲ್ ಎಲಿವೇಟರ್, ಹಲ್ಲು ಸಡಿಲಿಸುವ ಸ್ಟ್ರೇಟ್ ಎಲಿವೇಟರ್, ಆಮೇಲೆ ಹಲ್ಲು ಕೀಳುವ ಇಕ್ಕಳ ಫೋರ್ಸೆಪ್ಸ್. ಕೆಳದವಡೆ ಮೋಲಾರ್ ಫೋರ್ಸೆಪ್ಸಿನ ಎರಡೂ ಕೊಕ್ಕಿಗೆ ಚೂಪು ಇರುತ್ತದೆ, ಯಾಕೆಂದರೆ ಆ ಹಲ್ಲಿನ ಬೇರು ಕೆನ್ನೆಯ ಕಡೆಗೂ ನಾಲಿಗೆಯ ಕಡೆಗೂ ಕವಲೊಡೆದು ಕಾಣುತ್ತದೆ. ಮೇಲಿನದಕ್ಕೆ ಚೂಪು ಕೆನ್ನೆಯ ಕಡೆಯ ಕೊಕ್ಕಿಗೆ ಮಾತ್ರ, ಹಾಗಾಗಿ ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ. ಒಮ್ಮೆ ಕೈಯಲ್ಲಿ ಹಿಡಿದು ನೋಡಿದವರಿಗೆ ಚಿತ್ರ ಕೊಟ್ಟು ಕೇಳುವ ಪ್ರಶ್ನೆ ತಪ್ಪಲ್ಲ. ಸೂಜಿ, ಬ್ಲೇಡು ತೂತಾಗದ ಶಾರ್ಪ್ಸ್ ಡಬ್ಬಕ್ಕೆ ಅಂತ ಕಲಿಯಿರಿ. ನಮ್ಮ 2016ರ ಆಸ್ಪತ್ರೆ ತ್ಯಾಜ್ಯ ನಿಯಮದ ಬಿಳಿ ಬಣ್ಣವನ್ನೇ ಬಾಯಿಪಾಠ ಮಾಡಬೇಡಿ, ಬಣ್ಣ ದೇಶಕ್ಕೊಂದು ಥರ.

ವರ್ಷಗಟ್ಟಲೆ ಕೆಲಸ ಮಾಡಿದವರೇ ಹೆಚ್ಚು ಜಾರೋದು ಸ್ಟೆರಿಲೈಸೇಶನ್‌ನಲ್ಲಿ, ಅಂದರೆ ಉಪಕರಣದ ಕ್ರಿಮಿಯನ್ನು ಪೂರ್ತಿ ಕೊಲ್ಲೋದರಲ್ಲಿ. ಕ್ಲಿನಿಕ್ ರೂಢಿಯೇ ಉತ್ತರ ಅಂದುಕೊಳ್ಳುತ್ತಾರೆ. ಯುವಿ ಚೇಂಬರ್ ಸ್ಟೆರಿಲೈಸ್ ಮಾಡಲ್ಲ, ಆಗಲೇ ಮಾಡಿದ್ದನ್ನು ಇಟ್ಟುಕೊಳ್ಳಲು ಮಾತ್ರ. 2% ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ ಇಪ್ಪತ್ತು ನಿಮಿಷ ಅದ್ದಿದರೆ ಅದು ಡಿಸಿನ್ಫೆಕ್ಷನ್ (ಎಲ್ಲ ಕ್ರಿಮಿ ಸಾಯಲ್ಲ), ಸ್ಟೆರಿಲೈಸ್ ಆಗಲು ಸುಮಾರು 10 ಗಂಟೆ ಬೇಕು. ಹಲ್ಲು ಕೊರೆಯುವ ಹ್ಯಾಂಡ್‌ಪೀಸನ್ನು ಸ್ಪಿರಿಟ್‌ನಲ್ಲಿ ಒರೆಸಿದರೆ ಸಾಲದು, ಪ್ರತಿ ಪೇಷಂಟ್‌ಗೂ ಆಟೋಕ್ಲೇವ್ (ಒತ್ತಡದ ಬಿಸಿ ಹಬೆ). 121 ಡಿಗ್ರಿ, 15 ಪೌಂಡ್ ಒತ್ತಡ ಎಲ್ಲರಿಗೂ ಗೊತ್ತು. ಪೌಚ್ ಮೇಲಿನ ಪಟ್ಟಿ ಬಣ್ಣ ಬದಲಿಸಿತು ಅಂದರೆ ಪೌಚ್ ಆಟೋಕ್ಲೇವ್ ಹೊಕ್ಕು ಬಂದಿದೆ ಅಂತಷ್ಟೇ ಅರ್ಥ, ಕ್ರಿಮಿ ಸತ್ತವು ಅಂತ ಹೇಳೋದು ಗಟ್ಟಿ ಕ್ರಿಮಿಬೀಜ ಒಳಗಿಟ್ಟು ಸತ್ತವೋ ಇಲ್ಲವೋ ನೋಡುವ ಸ್ಪೋರ್ ಟೆಸ್ಟ್ ಮಾತ್ರ ಅನ್ನೋದು ಭಾಳ ಮಂದಿಗೆ ಗೊತ್ತಿಲ್ಲ. ಇದಕ್ಕೆ ನಾನು ಎರಡು ಕಾಲಮ್ಮಿನ ವಹಿ ಇಟ್ಟಿದ್ದೆ: ಎಡಕ್ಕೆ ನಾವು ಮಾಡೋದು, ಬಲಕ್ಕೆ ಮಾಡಬೇಕಾದದ್ದು. ಕೊನೆಯ ವಾರ ಓದಿದ್ದು ಆ ವಹಿಯೊಂದನ್ನೇ. ಅದನ್ನು ಯಾವ ಕ್ರಮದಲ್ಲಿ ತಿರುವಿ ಹಾಕಬೇಕು ಅನ್ನೋದನ್ನು ನನ್ನ ಹತ್ತಿರ ಕಲಿಯಲು ಬಂದವರಿಗೆ ಹೇಳುತ್ತೇನೆ, ಇಲ್ಲಿ ಬೇಡ.

ಕೂರುವ ಜಾಗದ ಪ್ರಶ್ನೆಯೂ ಹೀಗೇ. ನಮ್ಮ ಕಡೆ ನಿಂತೇ ಕೆಲಸ. ಪುಸ್ತಕದ ಪ್ರಕಾರ ಬಲಗೈ ಡಾಕ್ಟರಿಗೆ ಅಸಿಸ್ಟೆಂಟ್, ಪೇಷಂಟ್ ತಲೆ 12 ಅಂದುಕೊಂಡರೆ ಗಡಿಯಾರದ 2ರಿಂದ 4ರ ನಡುವೆ, ಡಾಕ್ಟರಿಗಿಂತ ನಾಲ್ಕಾರು ಇಂಚು ಎತ್ತರದಲ್ಲಿ ಕೂರಬೇಕು. ಬಾಯಿಯ ನೀರು ಎಳೆಯುವ ಸಕ್ಷನ್ ಬಲಗೈಯಲ್ಲಿ, ಉಪಕರಣ ದಾಟಿಸೋದು ಎಡಗೈಯಲ್ಲಿ. ಸ್ಟೂಲ್ ಹಾಕಿಕೊಂಡು ಹಾಗೇ ರೂಢಿ ಮಾಡಿ.

ಆಲ್ಜಿನೇಟ್‌ಗೆ ದುಡ್ಡು ಹಾಕಿದ್ದು ವ್ಯರ್ಥವಾಗಲಿಲ್ಲ. ಏಪ್ರಿಲ್‌ನಲ್ಲಿ ಸಿಂಟೆಕ್ಸ್ ನೀರು ಹಾಕಿ ಕಲಸಿದರೆ ಅಚ್ಚಿನ ಟ್ರೇಗೆ ತುಂಬುವಷ್ಟರಲ್ಲೇ ಬಿಗಿಯುತ್ತದೆ. ನೀರು 10 ಡಿಗ್ರಿ ಏರಿದರೆ ಸುಮಾರು ಒಂದು ನಿಮಿಷ ಹೋಯಿತು. ನಮ್ಮವರು ಆಗ ಇನ್ನಷ್ಟು ನೀರು ಸುರಿಯುತ್ತಾರೆ, ಅಚ್ಚು ಬಲಗೆಟ್ಟು ತೆಗೆಯುವಾಗ ಅಂಚು ಹರಿಯುತ್ತದೆ. ಅಳತೆ ಮುಟ್ಟಬಾರದು, ಫ್ರಿಜ್ ನೀರು ಬೆರೆಸಿ 21-23 ಡಿಗ್ರಿಗೆ ತರಬೇಕು, ಬೌಲನ್ನೂ ತಣ್ಣಗಿಡಬೇಕು. ಸೆಟ್ಟಿಂಗ್ ಸಮಯ ಹೇಗೆ ಬದಲಿಸುತ್ತೀರಿ ಅಂದರೆ ಉತ್ತರ ನೀರಿನ ತಾಪಮಾನ, ನೀರಿನ ಪ್ರಮಾಣ ಅಲ್ಲ. ಅಚ್ಚನ್ನು ಬರಿದೇ ಬಿಟ್ಟರೆ ಒಣಗಿ ಕುಗ್ಗುತ್ತದೆ, ನೀರಲ್ಲಿ ಮುಳುಗಿಸಿಟ್ಟರೆ ಉಬ್ಬುತ್ತದೆ. ತೊಳೆದು, ಡಿಸಿನ್ಫೆಕ್ಟ್ ಮಾಡಿ, ಹತ್ತು-ಹದಿನೈದು ನಿಮಿಷದಲ್ಲಿ ಸ್ಟೋನ್ ಹುಯ್ಯಬೇಕು: 100 ಗ್ರಾಮಿಗೆ 30 ಮಿ.ಲೀ. ನೀರು. ಪ್ಲಾಸ್ಟರ್‌ಗಾದರೆ 50ರ ಹತ್ತಿರ.

ಸಿಲಬಸ್ ಆಚೆಗೂ ಒಂದೆರಡು ಮಾಡಿ ನೋಡಿದೆ. ಲೇಟೆಕ್ಸ್ ಗ್ಲೌಸ್ ಹಾಕಿ ಅಡಿಶನ್ ಸಿಲಿಕೋನ್ ಪುಟ್ಟಿ (ಇನ್ನೊಂದು ಬಗೆಯ ಅಚ್ಚಿನ ಹಿಟ್ಟು) ನಾದಿದರೆ ಮೇಲ್ಮೈ ಜಿಗಟಾಗಿಯೇ ಉಳಿಯಿತು, ಗ್ಲೌಸಿನ ಗಂಧಕ ಅದನ್ನು ಬಿಗಿಯಲು ಬಿಡಲ್ಲ. ವಿನೈಲ್‌ನಲ್ಲಿ ಛಲೋ ಬಂತು. ಅಲ್ಟ್ರಾಸಾನಿಕ್ ಕ್ಲೀನರ್‌ನಲ್ಲಿ ಅಲ್ಯೂಮಿನಿಯಂ ಫಾಯಿಲ್ ತೂಗುಬಿಟ್ಟರೆ ಎಲ್ಲ ಕಡೆ ಸಮನಾಗಿ ಚುಚ್ಚಿದ ಗುರುತು ಬೀಳಬೇಕು. ಒಂದು ಮೂಲೆಯಲ್ಲಿ ಬೀಳಲೇ ಇಲ್ಲ. ಅಂದಿನಿಂದ ಆ ಮೂಲೆಗೆ ಬರ್ (ಕೊರೆಯುವ ಮೊನೆ) ಸ್ಟ್ಯಾಂಡ್ ಇಡೋದು ಬಂದ್.

ಪರೀಕ್ಷೆಗಿಂತ ಹೆಚ್ಚು ದಿನ ತಿನ್ನೋದು ಕಾಗದಪತ್ರ. ಡೇಟಾಫ್ಲೋ ಕಂಪನಿಯ ದಾಖಲೆ ಪರಿಶೀಲನೆ, ಪ್ರೊಮೆಟ್ರಿಕ್ ಕೇಂದ್ರದಲ್ಲಿ ಕಂಪ್ಯೂಟರ್ ಪರೀಕ್ಷೆ, ಅರ್ಜಿ ಶುಲ್ಕ ಎಲ್ಲ ಕೂಡಿ 50,000 ರೂಪಾಯಿಯ ಸುತ್ತಮುತ್ತ ಆಯಿತು ಅಂತ ನೆನಪು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಬರೀ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ತಂದೆ ಹೆಸರು, ಅಡ್ಡಹೆಸರು ಪೂರ್ತಿ, ಅದರಲ್ಲೂ ಸ್ಪೆಲ್ಲಿಂಗ್ ಬೇರೆ: ನಮ್ಮ ಕಡೆಯ ಅರ್ಜಿ ತಡವಾಗೋದು ಇಲ್ಲೇ. ದುಡ್ಡು ಕಟ್ಟೋಕೆ ಮುಂಚೆ ಅಫಿಡವಿಟ್ ಮಾಡಿಸಿಡಿ. ಅನುಭವ ಪತ್ರದಲ್ಲಿ ಹುದ್ದೆ ಡೆಂಟಲ್ ಅಸಿಸ್ಟೆಂಟ್ ಅಂತಲೇ ಇರಲಿ, ಹೆಲ್ಪರ್ ಅಂತ ಬರೆದರೆ ಕೆಟ್ಟಿತು. ಸೇರಿದ ತಾರೀಖು, ಬಿಟ್ಟ ತಾರೀಖು, ಪೂರ್ಣಾವಧಿ ಅನ್ನುವ ಮಾತು, ಡಾಕ್ಟರ ನೋಂದಣಿ ಸಂಖ್ಯೆ ಬೇಕು. ಪರಿಶೀಲನೆಯ ಮೇಲ್ ನೇರ ಕ್ಲಿನಿಕ್‌ಗೆ ಬರುತ್ತದೆ, ಸ್ಪ್ಯಾಮ್‌ಗೆ ಬಿದ್ದು ಉತ್ತರ ಹೋಗದಿದ್ದರೆ ಇಡೀ ಅರ್ಜಿ ಅಲ್ಲೇ ನಿಲ್ಲುತ್ತದೆ. ‘ಸರ್, ಸ್ಪ್ಯಾಮ್ ಒಮ್ಮೆ ನೋಡ್ರಿ’ ಅಂತ ವಾರಕ್ಕೊಮ್ಮೆ ಡಾಕ್ಟರಿಗೆ ಫೋನ್ ಮಾಡಿ ನೆನಪಿಸುತ್ತಿರಿ.