ಕಂಬಳಿ ಕೊಪ್ಪೆ ಹಾಕಿದ ಮೇಲೆ ಮಾತು ಶುರುವಾಯಿತು: ಮೂಡಿಗೆರೆಯಲ್ಲಿ ನನ್ನ ವಿಆರ್ ಅನುಭವ

ಡಿಪ್ರೆಷನ್ ಇದ್ದವರನ್ನು ವಿಆರ್‌ನಲ್ಲಿ (ಕಣ್ಣಿಗೆ ಹೆಡ್‌ಸೆಟ್ ಹಾಕಿ ಬೇರೊಂದು ಜಾಗದಲ್ಲೇ ಇರುವಂತೆ ತೋರಿಸುವ ತಂತ್ರ) ಕೂರಿಸಿ, ಅದನ್ನು ದಾಟಿ ಬಂದವರ ಜೊತೆ ಮಾತಾಡಿಸುವುದು ನನ್ನ ಪ್ರಯತ್ನ. ಮೊದಲ ಸಲ ಹೆಡ್‌ಸೆಟ್ ಹಾಕಿಕೊಂಡ ಹೆಂಗಸು ಎರಡೇ ನಿಮಿಷಕ್ಕೆ ತೆಗೆದಿಟ್ಟರು. "ಎದುರಿಗೆ ಕೂತವರು ಯಾಕೆ ನಗ್ತಾನೇ ಇದ್ದಾರೆ?" ಅಂತ ಕೇಳಿದರು. 2023ರ ಜುಲೈ ಅದು, ಹೊರಗೆ ಬಿಡದ ಮಳೆ. ನಾನು ಬಳಸಿದ್ದ ರೆಡಿಮೇಡ್ ಅವತಾರಗಳ, ಅಂದರೆ ವಿಆರ್ ಒಳಗೆ ನಮ್ಮ ಬದಲು ಕಾಣುವ ಬೊಂಬೆಗಳ, ಮುಖದಲ್ಲಿ ಸದಾ ನಗು. ನನಗೆ ಡಿಪ್ರೆಷನ್ ಇದ್ದಾಗ "ನಗ್ತಾ ಇರು, ಸರಿ ಹೋಗುತ್ತೆ" ಅಂದವರನ್ನು ಕಂಡರೆ ಎದ್ದು ಹೋಗಬೇಕು ಅನಿಸುತ್ತಿತ್ತು. ಅದನ್ನೇ ನಾನು ಇವರಿಗೆ ಮಾಡಿದ್ದೆ.

ನನ್ನದು ಮೊಬೈಲ್ ರಿಪೇರಿ ಅಂಗಡಿ. ಹಿಂದಿನ ಕೋಣೆಯಲ್ಲಿ ಒಂದು ಹೆಡ್‌ಸೆಟ್, ಕಳಸದ ಕಡೆಯ ಗೆಳೆಯನ ಮನೆಯಲ್ಲಿ ಇನ್ನೊಂದು. ಬಂದವರು ಒಂದನ್ನು ಹಾಕಿದರೆ, ಇನ್ನೊಂದನ್ನು ಹಾಕಿ ಅವರ ಜೊತೆ ಮಾತಾಡುವ ಜೊತೆಗಾರರು ನಾವು ನಾಲ್ಕು ಜನ. ಎಲ್ಲರೂ ಈ ಕಾಯಿಲೆ ಅನುಭವಿಸಿ, ಮಾತ್ರೆ ತಗೊಂಡು ಎದ್ದು ಬಂದವರು. ನಾವೇ ಅವರ ಮನೆಗೆ ಹೋದರೆ ಊರಿಗೆಲ್ಲ ಸುದ್ದಿ. ರಿಪೇರಿ ಅಂಗಡಿಗೆ ಯಾರು ಬಂದರೂ ಯಾರೂ ಕೇಳುವುದಿಲ್ಲ.

ಫೋನಿನಲ್ಲೇ ಮಾಡಬಹುದಲ್ವಾ ಅಂತ ತುಂಬಾ ಜನ ಕೇಳಿದರು. ಮಾಡಿ ನೋಡಿದ್ದೆವು. ಫೋನಿನಲ್ಲಿ ಒಂದು ನಿಮಿಷ ಸುಮ್ನಿದ್ದರೆ "ಹಲೋ, ಇದ್ದೀರಾ?" ಅನ್ನಬೇಕಾಗುತ್ತೆ. ಜಗಲಿಯಲ್ಲಿ ಪಕ್ಕಪಕ್ಕ ಕೂತರೆ ಹತ್ತು ನಿಮಿಷ ಬೇಕಾದರೂ ಸುಮ್ನಿರಬಹುದು. ನನಗೆ ವಿಆರ್ ಬೇಕಾಗಿದ್ದು ಅಷ್ಟಕ್ಕೇ.

ಪರಿಚಯದ ಡಾಕ್ಟರೊಬ್ಬರು ಇದನ್ನು ಆಟದ ಸಾಮಾನು ಅಂದರು. ಡಾಕ್ಟರಿಕೆ ಓದದವರು ನೀವೇನು ಮಾಡ್ತೀರಿ ಅಂತಲೂ ಕೇಳಿದರು. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತರಬೇತಿ ಪಡೆದ ಸಾಮಾನ್ಯ ಜನರೇ ಆರರಿಂದ ಎಂಟು ಸಲ ಕೂತು ಮಾತಾಡಿ, ತೀವ್ರ ಡಿಪ್ರೆಷನ್ ಇದ್ದವರಿಗೂ ನೆರವಾದರು. ಅದರ ಫಲಿತಾಂಶ 2017ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂತು. ಅದನ್ನು ಅವರಿಗೆ ತೋರಿಸಿದೆ. ನಮ್ಮ ಕ್ರಮವೂ ಅಲ್ಲಿಂದಲೇ ಬಂದದ್ದು: ಪ್ರತಿ ಸಲ ಏಳುವ ಮೊದಲು ಒಂದು ಸಣ್ಣ ಕೆಲಸ ಒಪ್ಪಿಕೊಳ್ಳಬೇಕು. "ನಾಳೆ ಬಚ್ಚಲ ಒಲೆಗೆ ಬೆಂಕಿ ನಾನೇ ಹಾಕ್ತೀನಿ" ಅಂದರೂ ಸಾಕು. ಮುಂದಿನ ವಾರ ಮೊದಲು ಕೇಳುವುದು ಅದನ್ನೇ.

ದುಡ್ಡಿನ ವಿಷಯ. ಎರಡು ಸೆಕೆಂಡ್ ಹ್ಯಾಂಡ್ ಕ್ವೆಸ್ಟ್ 2 ಹೆಡ್‌ಸೆಟ್‌ಗೆ ಸುಮಾರು 38 ಸಾವಿರ. ಮೂರನೆಯದಕ್ಕೆ ಬೆಂಗಳೂರಿನ ಒಬ್ಬ ಮಾರಾಟಗಾರನಿಗೆ 17 ಸಾವಿರ ಕೊಟ್ಟೆ. ಲೆನ್ಸ್ ಮೇಲೆ ಬಿಸಿಲು ಬಿದ್ದು ಸ್ಕ್ರೀನ್ ಸುಟ್ಟಿತ್ತು, ದುಡ್ಡು ವಾಪಸ್ ಬರಲಿಲ್ಲ. ಲ್ಯಾಪ್‌ಟಾಪ್, ಯುಪಿಎಸ್, ಫೋಮ್ ಕವರ್ ಎಲ್ಲ ಸೇರಿ ಒಂದೂಕಾಲು ಲಕ್ಷ ದಾಟಿರಬೇಕು. ಅರ್ಧ ಚೀಟಿ ಎತ್ತಿದ್ದು. ಜೊತೆಗಾರರಿಗೆ ಒಂದು ಸಲಕ್ಕೆ 200 ರೂಪಾಯಿ, ಮೇಲೆ ಬಸ್ ಚಾರ್ಜು. ಸೇವೆ ಅಂತ ಪುಕ್ಕಟೆ ಮಾಡಿಸಿದ್ದಾಗ ಮೂರನೇ ವಾರಕ್ಕೇ ಬರುವುದು ನಿಂತಿತ್ತು. ಈ ಖರ್ಚು ಉಳಿಸಲು ಹೋಗಬೇಡಿ.

ಮೊದಲ ದೃಶ್ಯ ಸಮುದ್ರದ ದಂಡೆ. ಕೊಟ್ಟಿಗೆಹಾರದಿಂದ ಬಂದವರು "ಇಲ್ಲಿ ನನಗೆ ಯಾರೂ ಗೊತ್ತಿಲ್ಲ" ಅಂದರು. ಎರಡನೆಯದು ತೋಟದೊಳಗೆ ನಡೆಯುವುದು. ಜಾಯ್‌ಸ್ಟಿಕ್‌ನಲ್ಲಿ ನಡೆದರೆ ಕಣ್ಣಿಗೆ ಓಡಾಟ, ಮೈ ಮಾತ್ರ ಅಲ್ಲೇ, ಹೊಟ್ಟೆ ತೊಳಸುತ್ತೆ. ಇಬ್ಬರು ವಾಂತಿ ಮಾಡಿಕೊಂಡರು. ಆಮೇಲೆ ಎಲ್ಲ ಕೂತಲ್ಲೇ: ಮಳೆ ನೋಡುತ್ತಾ ಕೂರುವ ಹಂಚಿನ ಮನೆಯ ಜಗಲಿಯ ದೃಶ್ಯ, ನಿಜವಾದ ಕುರ್ಚಿಯ ಎತ್ತರಕ್ಕೇ. 40 ನಿಮಿಷ ಇದ್ದದ್ದನ್ನು 20ಕ್ಕೆ ಇಳಿಸಿದೆ. ಅರ್ಧ ಕೆಜಿಯ ಹೆಡ್‌ಸೆಟ್ ತಲೆ ಮೇಲಿದ್ದರೆ ಕತ್ತು ಕೇಳಬೇಕಲ್ಲ.

ಮಳೆಯದೇ ದೊಡ್ಡ ತಲೆನೋವು. ಒಂದೊಂದು ಹನಿಯನ್ನೂ ಬೇರೆ ಬೇರೆಯಾಗಿ ಬೀಳುವಂತೆ ಮಾಡಿದೆ, ಸೆಕೆಂಡಿಗೆ ಕಾಣುವ ಚಿತ್ರಗಳು (ಫ್ರೇಮ್) 72ರಿಂದ 40ರ ಹತ್ತಿರ ಕುಸಿದು ದೃಶ್ಯ ತಡವರಿಸಿತು. ಎಲ್ಲ ಕಿತ್ತು ಹಾಕಿದೆ. ದೂರಕ್ಕೆ ಮಳೆಯ ಚಿತ್ರವಿರುವ ಎರಡು ಪರದೆ, ಹತ್ತಿರಕ್ಕೆ ಬರೀ ಸದ್ದು. ಹಂಚಿನ ಮೇಲೆ ಬೀಳುವ ಮಳೆ, ಅಂಚಿನಿಂದ ಸುರಿಯುವ ನೀರು. ಕಣ್ಣಿಗೆ ಮೋಸ ಮಾಡುವುದಕ್ಕಿಂತ ಕಿವಿಗೆ ನಿಜ ಕೇಳಿಸುವುದು ಸುಲಭ. ಮಾತಿನ ನಡುವೆ ಮಳೆಯ ಸದ್ದನ್ನು ಯಾವಾಗ, ಎಷ್ಟು ಇಳಿಸಬೇಕು ಅನ್ನುವುದು ಮಾತ್ರ ನಮ್ಮಲ್ಲೇ ಇರಲಿ. ಅದಕ್ಕೆ ಒಂದು ಇಡೀ ಮಳೆಗಾಲ ಹಿಡಿಯಿತು.

ನಗುವ ಮುಖಕ್ಕೆ ಪರಿಹಾರ ನನ್ನ ಅಜ್ಜನ ಹಳೇ ಫೋಟೊದಲ್ಲಿ ಸಿಕ್ಕಿತು. ಗದ್ದೆಯ ಬದುವಿನಲ್ಲಿ, ಮಳೆಗೆ ತಲೆಯಿಂದ ಹೊದೆಯುವ ಕಂಬಳಿ ಕೊಪ್ಪೆ ಹಾಕಿ ನಿಂತಿದ್ದಾರೆ, ಮುಖ ನೆರಳಲ್ಲಿದೆ. ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಅದನ್ನೇ ಮಾಡಿದೆ. ಮುಖವೇ ಇಲ್ಲ, ಕೊಪ್ಪೆಯ ಕೆಳಗೆ ಎರಡು ಕೈ. ಇಬ್ಬರಿಗೂ ಅದೇ ವೇಷ, ಇಬ್ಬರೂ ಮಳೆಯ ಕಡೆ ಮುಖ ಮಾಡಿ ಕೂರುವುದು. ಮೊದಲ ದಿನವೇ ಒಬ್ಬರು ಮೂರು ವರ್ಷ ಹೆಂಡತಿಗೂ ಹೇಳದ ಮಾತು ಹೇಳಿದರು. ಇಷ್ಟು ಸರಳವಾಗಿ ಕೆಲಸ ಮಾಡುವ ಅವತಾರವನ್ನು ನಾನು ಬೇರೆಲ್ಲೂ ನೋಡಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳ್ತೀನಿ.

ನೆನಪಿನ ಲೆಕ್ಕದಲ್ಲಿ ಎರಡು ಮಳೆಗಾಲಕ್ಕೆ 14 ಜನ ಬಂದರು, 11 ಜನ ನಮ್ಮ ಆರು ಸಲದ ಮಾತುಕತೆಯನ್ನು ಪೂರ್ತಿ ಮುಗಿಸಿದರು. ಪಿಎಚ್‌ಕ್ಯೂ-9ರಲ್ಲಿ (ಡಿಪ್ರೆಷನ್ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ, ಅಂಕ ಹೆಚ್ಚಾದಷ್ಟೂ ಕಾಯಿಲೆ ಹೆಚ್ಚು) 16, 17 ಇದ್ದವರಲ್ಲಿ ಜಾಸ್ತಿ ಜನ ಒಂಬತ್ತು, ಹತ್ತಕ್ಕೆ ಇಳಿದರು. ಏಳು ಜನ ಮಾತ್ರೆಯನ್ನೂ ತಗೊಳ್ತಿದ್ದರು. ಮಾತ್ರೆಯ ಪಾಲೆಷ್ಟು, ಜಗಲಿಯ ಪಾಲೆಷ್ಟು ಅಂತ ನಾನು ಭಾಗ ಮಾಡುವುದಿಲ್ಲ. ಯಾರ ಮಾತ್ರೆಯನ್ನೂ ನಿಲ್ಲಿಸಿಲ್ಲ. ಸಾಯುವ ಅಥವಾ ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆ ಬರುತ್ತಾ ಅಂತ ಕೇಳುವ ಒಂಬತ್ತನೇ ಪ್ರಶ್ನೆಗೆ ಸೊನ್ನೆ ಬಿಟ್ಟು ಬೇರೇನು ಬಂದರೂ ಅವತ್ತು ಹೆಡ್‌ಸೆಟ್ ಇಲ್ಲ. ಎದುರಿಗೆ ಕೂತು ಮಾತಾಡಿ, ಅಲ್ಲಿಂದಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿಸಿ, ಡಾಕ್ಟರ ಹತ್ತಿರ ನಾವೇ ಜೊತೆಗೆ ಹೋಗ್ತೀವಿ. ಹೀಗೆ ಎರಡು ಸಲ ಹೋಗಿದ್ದೇವೆ.

ನಡುವೆ ಒಂದು ಪ್ರಯೋಗ. ಮಾರ್ಚ್‌ನಲ್ಲಿ ಹೂಮಳೆ ಬಿದ್ದು ಒಂಬತ್ತು ಹತ್ತು ದಿನಕ್ಕೆ ಕಾಫಿ ಹೂ ಅರಳಿದಾಗ, ಒಂದು ಗೊಂಚಲು ತಂದು ಕುರ್ಚಿ ಪಕ್ಕ ಇಟ್ಟೆ. ವಿಆರ್‌ನಲ್ಲಿ ಮಳೆ, ಮೂಗಿಗೆ ಹೂವಿನ ವಾಸನೆ. ಒಬ್ಬರು ತುಂಬಾ ಹೊತ್ತು ಅತ್ತು, ಆಮೇಲೆ ಊಟ ಕೇಳಿದರು. ಹೂ ನಾಲ್ಕು ದಿನಕ್ಕೆ ಬಾಡಿತು. ಸೆಂಟು ಹಾಕಿ ನೋಡಿದೆ, ತಲೆನೋವು ಬಂತು ಅಂದರು.

ಬಿಟ್ಟು ಹೋದ ಮೂವರಲ್ಲಿ ಒಬ್ಬರು ಎಸ್ಟೇಟ್ ಲೈನ್ ಮನೆಯವರು, ಅಂದರೆ ತೋಟದ ಕೂಲಿಯವರ ಸಾಲು ಮನೆಯವರು. ಅವರು ಜಗಲಿಯ ಮೇಲೆ ಕೂರಲೇ ಇಲ್ಲ. ಹೆಡ್‌ಸೆಟ್ ಹಾಕಿ ನಿಂತೇ ಇದ್ದರು. "ಇದು ಸಾಹುಕಾರರ ಮನೆ ಜಗಲಿ, ನಾವು ಅಲ್ಲಿ ಕೂರಲ್ಲ" ಅಂದರು. ಹಂಚಿನ ಮನೆಯಲ್ಲಿ ಬೆಳೆದ ನನಗೆ ಅದು ಹೊಳೆದೇ ಇರಲಿಲ್ಲ. ಈಗ ಲೈನ್ ಮನೆಯ ಮುಂಭಾಗ ಮಾಡ್ತಿದ್ದೇನೆ. ಕಲ್ಲಿನ ಮೆಟ್ಟಿಲು, ಮೂಲೆಯಲ್ಲಿ ಒಲೆ, ತಲೆ ಮೇಲೆ ಶೀಟ್. ಬಣಕಲ್‌ನಲ್ಲಿ ಶೀಟಿನ ಮೇಲಿನ ಮಳೆ ರೆಕಾರ್ಡ್ ಮಾಡಿದೆ, ಸದ್ದು ಒಡೆದು ಹೋಗಿದೆ. ಮುಂದಿನ ಜೋರು ಮಳೆಗೆ ಮೈಕಿಗೆ ದಪ್ಪ ಟವೆಲ್ ಸುತ್ತಿ, ಅವರ ಮನೆಯಲ್ಲೇ ಮತ್ತೆ ಮಾಡ್ತೀನಿ. ಅವರು ಒಪ್ಪಿದ್ದಾರೆ.