ಹುಲ್ಲುಗಾವಲಿಗೆ ಹಲಗೆ ಬೇಲಿ: ಗುಂಡಿ ತುಂಬುವುದೇ ದೊಡ್ಡ ಕೆಲಸ

ಹೊಸದಾಗಿ ಹಾಕಿದ ಹಲಗೆ ಬೇಲಿ ನೋಡೋಕೆ ಚೆಂದ. ಒಂದು ಮಳೆಗಾಲ ಕಳೆಯಲಿ, ಕಂಬಗಳು ಒಂದೊಂದು ಕಡೆ ವಾಲಲು ಶುರುವಾಗುತ್ತವೆ. ಹೀಗೆ ಕೆಟ್ಟ ಬೇಲಿಗಳನ್ನು ಬಹಳ ನೋಡಿದ್ದೇನೆ. ಹಲಗೆಯ ತಪ್ಪು ಅಪರೂಪ. ಗುಂಡಿ ತುಂಬುವಾಗ ಅವಸರ ಮಾಡಿರುತ್ತಾರೆ.

ಮೊದಲು ಗೇಟು ಎಲ್ಲಿ ಅಂತ ತೀರ್ಮಾನಿಸಿ. ಮೂಲೆಯಿಂದ ಮೂಲೆಗೆ ದಾರ ಎಳೆದು, 8 ಅಡಿಗೊಂದು ಗುರುತು ಹಾಕಿ. ಆಗ 16 ಅಡಿಯ ಹಲಗೆ ಮೂರು ಕಂಬಗಳ ಮೇಲೆ ಕೂರುತ್ತದೆ. ಹಲಗೆ ಬೇರೆ ಅಳತೆಯದಾದರೆ ಕಂಬದ ಅಂತರವನ್ನೂ ಅದಕ್ಕೆ ಹೊಂದಿಸಿ.

ಬೇಲಿ 5 ಅಡಿ ಎತ್ತರ ಬೇಕೆಂದರೆ ಕಂಬ 8 ಅಡಿ ಇರಲಿ. 3 ಅಡಿ ಮಣ್ಣೊಳಗೆ ಹೋಗಬೇಕು. ಮೂಲೆಯ ಮತ್ತು ಗೇಟಿನ ಕಂಬಗಳು ಇನ್ನೂ ದಪ್ಪ, ಇನ್ನೂ ಆಳ. ಗುಂಡಿಯಲ್ಲಿ ಕಲ್ಲು ಸಿಕ್ಕಿತೆಂದು ಕಂಬದ ಬುಡ ಕೊಯ್ಯಬೇಡಿ. ಗೆದ್ದಲಿಗೆ, ಕೊಳೆಗೆ ಹಾಕಿದ ಔಷಧಿ ಹೆಚ್ಚಾಗಿ ಮರದ ಹೊರಪದರದಲ್ಲೇ ಇರುತ್ತದೆ. ಕೊಯ್ದರೆ ಔಷಧಿ ಮುಟ್ಟದ ಒಳಮರ ನೇರ ಮಣ್ಣಿಗೆ ತಾಗುತ್ತದೆ. ಕೊಯ್ಯಲೇಬೇಕಾದರೆ ಮೇಲಿನ ತುದಿ ಕೊಯ್ಯಿರಿ.

ಈಗ ಅಸಲಿ ಕೆಲಸ. ಕಂಬ ನಿಲ್ಲಿಸಿ, ಪಕ್ಕಪಕ್ಕದ ಎರಡು ಮಗ್ಗುಲಿಗೆ ರಸಮಟ್ಟ ಹಿಡಿದು ಕಂಬ ನೆಟ್ಟಗಿದೆಯೇ ನೋಡಿ. ನಾಲ್ಕು ಬೆರಳಿನಷ್ಟು ಮಾತ್ರ ಮಣ್ಣು ಹಾಕಿ. ಹಾರೆಯ ಮೊಂಡು ತುದಿಯಿಂದ ಕಂಬದ ಸುತ್ತ ಗುದ್ದಿ. ಮೆತ್ತಗಿನ ಸದ್ದು ಹೋಗಿ ಹಾರೆ ಪುಟಿಯತೊಡಗಿದರೆ ಆ ಪದರ ಗಟ್ಟಿಯಾಯಿತು. ಆಮೇಲೆ ಮತ್ತೆ ನಾಲ್ಕು ಬೆರಳು ಮಣ್ಣು, ಮತ್ತೆ ಗುದ್ದು, ನಡುನಡುವೆ ರಸಮಟ್ಟ. ಗುಂಡಿ ಪೂರ್ತಿ ತುಂಬಿ ಮೇಲಷ್ಟೇ ಗುದ್ದಿದರೆ ಕೆಳಗೆ ಎಲ್ಲ ಟೊಳ್ಳು. ತಳದ ಒಂದು ಅಡಿ, ಮೇಲಿನ ಒಂದು ಅಡಿ, ಇವೆರಡರಲ್ಲಿ ಬಿಲ್ಕುಲ್ ಸೋಮಾರಿತನ ಬೇಡ. ಕಂಬವನ್ನು ಹಿಡಿಯುವುದು ಅವೇ. ಮಣ್ಣು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ನೀರು ಬಿಡಬಾರದು. ಕೆಸರನ್ನು ಎಷ್ಟು ಗುದ್ದಿದರೂ ಅದು ಪಕ್ಕಕ್ಕೆ ಜಾರುತ್ತದೆ ಅಷ್ಟೆ. ಕೊನೆಗೆ ಬುಡದಲ್ಲಿ ಮಣ್ಣು ಏರಿಸಿ, ನೀರು ಹೊರಗೆ ಹರಿಯಲಿ.

ಕಾಂಕ್ರೀಟ್ ಸುರಿದರೆ ಬೇಗ ಮುಗಿಯುತ್ತದೆ ಅಲ್ವಾ ಅಂತ ಕೇಳುತ್ತಾರೆ. ಮರ ಒಣಗಿ ಕುಗ್ಗಿದಾಗ ಸಂದಿ ಬೀಳುತ್ತದೆ, ಅಲ್ಲಿ ನೀರು ನಿಲ್ಲುತ್ತದೆ. ನೀರೂ ಗಾಳಿಯೂ ಸೇರುವ ನೆಲಮಟ್ಟದಲ್ಲೇ ಮರ ಬೇಗ ಕೊಳೆಯುವುದು. ಮರದ ಕಂಬಕ್ಕೆ ಮಣ್ಣೇ ಸರಿ. ಹಳೇ ಎಂಜಿನ್ ಆಯಿಲ್ ಬಳಿಯುವ ಉಪಾಯವಂತೂ ಬೇಡವೇ ಬೇಡ. ಮಣ್ಣು ಕೆಡುತ್ತದೆ, ದನಗಳು ನೆಕ್ಕುತ್ತವೆ.

ಹಲಗೆ ಹೊಡೆಯುವುದು ಸುಲಭ. ದನಗಳಿರುವ ಒಳಮಗ್ಗುಲಿಗೇ ಹೊಡೆಯಿರಿ. ದನ ಒರಗಿದಾಗ ಹಲಗೆ ಕಂಬಕ್ಕೆ ಒತ್ತುತ್ತದೆ. ಹೊರಗೆ ಹೊಡೆದಿದ್ದರೆ ಪ್ರತಿ ನೂಕಿಗೂ ಮೊಳೆ ಸಡಿಲವಾಗುತ್ತದೆ. ಮೇಲಿನ ಸಾಲಿನ ಜೋಡಣೆ ಬಂದ ಕಂಬದಲ್ಲೇ ಕೆಳಸಾಲಿನದೂ ಬರಬಾರದು. ಮೊಳೆ ಗ್ಯಾಲ್ವನೈಸ್ ಆದದ್ದೇ, ಅಂದರೆ ಸತುವಿನ ಲೇಪ ಇರುವುದೇ ಇರಲಿ, ಸಾದಾ ಮೊಳೆ ತುಕ್ಕು ಹಿಡಿದು ಹಲಗೆಯನ್ನೂ ತಿನ್ನುತ್ತದೆ. ಹಲಗೆಯ ತುದಿ ಸೀಳುತ್ತಿದ್ದರೆ ಮೊಳೆಯ ಚೂಪನ್ನು ಸುತ್ತಿಗೆಯಿಂದ ಕೊಂಚ ಮೊಂಡು ಮಾಡಿ ಹೊಡೆಯಿರಿ.

ಮೊದಲ ದೊಡ್ಡ ಮಳೆಯಾದ ಮೇಲೆ ಹಾರೆ ಹಿಡಿದು ಬೇಲಿಯುದ್ದಕ್ಕೂ ನಡೆಯಿರಿ. ಮಣ್ಣು ಕುಸಿದ ಕಡೆ ತುಂಬಿ, ಮತ್ತೆ ಗುದ್ದಿ. ಉಳಿದ ಮರದ ತುಂಡುಗಳನ್ನು ಒಲೆಗೆ ಮಾತ್ರ ಹಾಕಬೇಡಿ. ಔಷಧಿ ಹಾಕಿದ ಮರದ ಹೊಗೆಯೂ ಕೆಟ್ಟದ್ದು, ಬೂದಿಯೂ ಕೆಟ್ಟದ್ದು.